ಅಲ್ಲಿ ಯಾರೂ ನನ್ನನ್ನು ಏನೂ ಕೇಳಲಿಲ್ಲ

“ಹದಿನೈದು ದಿನ ಚಿಕ್ಕಮಗಳೂರು ಕಡೆ ಹೋಗಿಬಂದರೆ ಸರಿಹೋಗುತ್ತೆ ಅಲ್ವಾ?” ಕೆಲಸದಿಂದ ದಣಿದು ನನ್ನ ಬಳಿ ಸಲಹೆಗೆ ಬರುವವರು ಪದೇ ಪದೇ ಕೇಳುವ ಪ್ರಶ್ನೆ ಇದು. ಹೌದು ಎಂದರೂ ಅರ್ಧ ಸುಳ್ಳು, ಇಲ್ಲ ಎಂದರೂ ಅರ್ಧ ಸುಳ್ಳು. ಅದಕ್ಕೇ ಈ ಪ್ರಕರಣ ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿದ್ದೇನೆ.

ಆಕೆ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಟೀಮ್ ಲೀಡ್. ಮನೆಯಲ್ಲಿ ಗಂಡ, ಮಗು, ಅತ್ತೆ. ಏಳುವಾಗಲೇ ಸುಸ್ತು, ತಾನೇ ಕಟ್ಟಿದ ತಂಡದ ಮೇಲೆ ತಾತ್ಸಾರ, ಹತ್ತು ನಿಮಿಷದ ಇಮೇಲ್‌ಗೆ ಒಂದು ಗಂಟೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್‌ಗೆ ಹೇಳಿದ ಮೂರು ಲಕ್ಷಣಗಳೂ ಇವೇ: ಬಸವಳಿಕೆ, ಕೆಲಸದಿಂದ ಮನಸ್ಸು ದೂರವಾಗುವುದು, ಕೈಲಾಗುತ್ತಿಲ್ಲ ಎಂಬ ಭಾವ. ಸಂಸ್ಥೆ ಇದನ್ನು ಕಾಯಿಲೆಗಳ ಸಾಲಿಗೆ ಸೇರಿಸಿಲ್ಲ, ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿ ಎಂದಿದೆ. ಹಾಗಾಗಿಯೇ ಬೇರೆ ಕಾಯಿಲೆ ಒಳಗೆ ಅಡಗಿಲ್ಲ ಎಂದು ಮೊದಲು ಖಾತ್ರಿ ಮಾಡಿಕೊಳ್ಳಬೇಕು. ಹಿಮೋಗ್ಲೋಬಿನ್, ಥೈರಾಯ್ಡ್, ಬಿ12 ಪರೀಕ್ಷೆ ಮಾಡಿಸಿದೆವು. ಖಿನ್ನತೆ ಅಳೆಯುವ ಪಿಎಚ್‌ಕ್ಯು-9 ಪ್ರಶ್ನಾವಳಿಯಲ್ಲಿ 27ಕ್ಕೆ 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ನಾನು ಮೊದಲು ಮನೋವೈದ್ಯರ ಬಳಿ ಕಳಿಸುತ್ತೇನೆ. ಆಕೆಗೆ ಬಂದದ್ದು 8. ಸಾವಿನ ಯೋಚನೆ ಕುರಿತ ಒಂಬತ್ತನೇ ಪ್ರಶ್ನೆಗೆ ಸೊನ್ನೆ ಬಿಟ್ಟು ಬೇರೆ ಉತ್ತರ ಬಂದರೆ, ಒಟ್ಟು ಅಂಕ ಎಷ್ಟೇ ಇರಲಿ, ಸಿಗ್ನಲ್ ಇಲ್ಲದ ಎಸ್ಟೇಟ್‌ಗೆ ಯಾರನ್ನೂ ಒಂಟಿಯಾಗಿ ಕಳಿಸಬಾರದು. ಅಂಥವರಿಗೂ ಅವರ ಮನೆಯವರಿಗೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ (14416) ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲೂ.

ಆಕೆಗೆ ಲೇಹ್‌ಗೆ ಹೋಗುವ ಆಸೆ. ಬೇಡ ಎಂದೆ. ಲೇಹ್ ಇರುವುದು ಸುಮಾರು 3,500 ಮೀಟರ್ ಎತ್ತರದಲ್ಲಿ. ಅಲ್ಲಿ ಆಮ್ಲಜನಕ ಕಡಿಮೆ, ಮೊದಲ ರಾತ್ರಿಗಳಲ್ಲಿ ಉಸಿರಾಟ ಏರುಪೇರಾಗಿ ನಿದ್ದೆ ಮುರಿಯುತ್ತದೆ. ನಿದ್ದೆ ಹುಡುಕಿಕೊಂಡು ಹೊರಟವರಿಗೆ 1,000ದಿಂದ 1,500 ಮೀಟರ್ ಸಾಕು. ಬಾಬಾಬುಡನ್‌ಗಿರಿ ತಪ್ಪಲಿನ ಒಂದು ಹೋಂಸ್ಟೇ ಗೊತ್ತುಮಾಡಿದೆವು. ಹೋಗುವುದು ಭಾನುವಾರ ಸಂಜೆ, ಏಕೆಂದರೆ ಶನಿವಾರ ರಾತ್ರಿ ಅಲ್ಲೆಲ್ಲ ಕ್ಯಾಂಪ್‌ಫೈರು, ಸ್ಪೀಕರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಡ: ದಿನವಿಡೀ ಕತ್ತಲ ಮಳೆ, ಕೈಕೊಡುವ ಕರೆಂಟು, ಹೊರಗೆ ಕಾಲಿಟ್ಟರೆ ಜಿಗಣೆ. ಮನಸ್ಸು ಮೊದಲೇ ಕುಗ್ಗಿದವರಿಗೆ ಇದು ಒಳ್ಳೆಯದಲ್ಲ. ಮಲೆನಾಡಿನ ಮಳೆ ಚೆಂದ, ಆದರೆ ಚೆನ್ನಾಗಿರುವವರಿಗೆ. ಇನ್ನೊಂದು ಮಾತು, ಮಧ್ಯಾಹ್ನ ಎರಡರ ನಂತರ ಕಾಫಿ ಇಲ್ಲ. ಕಾಫಿ ತೋಟದಲ್ಲಿ ಇದನ್ನು ಪಾಲಿಸುವುದು ಕಷ್ಟ, ಗೊತ್ತು. ಆದರೆ ಕುಡಿದ ಕೆಫೀನ್‌ನಲ್ಲಿ ಅರ್ಧ ಕರಗುವುದಕ್ಕೇ ಸುಮಾರು ಐದು ಗಂಟೆ ಬೇಕು.

ನಾಲ್ಕನೇ ದಿನ ಫೋನ್ ಮಾಡಿದಳು. ತಲೆನೋವು, ಮೈಕೈ ನೋವು, ಹಗಲೂ ನಿದ್ದೆ, ಎಲ್ಲರ ಮೇಲೂ ಸಿಟ್ಟು. “ದುಡ್ಡು ದಂಡ” ಎಂದಳು. ಮೊದಲ ದಿನಗಳಲ್ಲಿ ಹೀಗಾಗಬಹುದು ಎಂದು ಹೇಳಿಯೇ ಕಳಿಸಿದ್ದೆ. ತಿಂಗಳುಗಟ್ಟಲೆ ಬಿಗಿಹಿಡಿದಿದ್ದ ಮೈ ಸಡಿಲಾದಾಗ ನೋವು ಮೊದಲು ಬರುತ್ತದೆ, ಹಿತ ಆಮೇಲೆ. ಮುಳ್ಳಯ್ಯನಗಿರಿಯ ಸೂರ್ಯೋದಯ, ಜಲಪಾತ, ಯೋಗ ಎಂದು ಗಂಟೆವಾರು ಪಟ್ಟಿ ಮಾಡಿಕೊಂಡು ಹೋಗಿದ್ದಳು. ಅದನ್ನು ಬಿಡಿಸಿದೆ. ಏಳುವ ಹೊತ್ತು ಮಾತ್ರ ನಿಗದಿ, ಉಳಿದದ್ದು ಬೇಕಾದಂತೆ. ಐದನೇ ದಿನದಿಂದ ಬೆಳಿಗ್ಗೆ ಸಂಜೆ ಅರ್ಧರ್ಧ ಗಂಟೆ ನಡಿಗೆ, ದಿನಾ ಅದೇ ದಾರಿಯಲ್ಲಿ.

ಮುಖ್ಯವಾದದ್ದು ನಡೆದದ್ದು ಅವಳು ವಾಪಸು ಬಂದ ಮೇಲಿನ ಭೇಟಿಯಲ್ಲಿ. ಮುಖದಲ್ಲಿ ಕಳೆ ಬಂದಿತ್ತು. ಏನು ಹಿತವಾಯಿತು ಎಂದು ಕೇಳಿದೆ. “ಗಾಳಿ, ಹಸಿರು, ನಿಶ್ಶಬ್ದ.” ಎಲ್ಲರೂ ಹೇಳುವ ಉತ್ತರ, ಅದನ್ನು ನಾನು ಒಪ್ಪಿಕೊಳ್ಳುವುದಿಲ್ಲ. ಗಾಳಿ ಹಸಿರನ್ನು ಚೀಲದಲ್ಲಿ ತುಂಬಿ ತರಲಾಗದು. ಆ ಉತ್ತರಕ್ಕೇ ನಿಂತುಬಿಟ್ಟರೆ ಮುಂದಿನ ದಾರಿ ಇನ್ನೊಂದು ಬುಕಿಂಗ್ ಮಾತ್ರ. ಚೆನ್ನಾಗಿದ್ದ ಒಂದು ದಿನವನ್ನು ಗಂಟೆಗಂಟೆಯಾಗಿ ಹೇಳಲು ಕೇಳಿದೆ.

“ಎಂಟೂವರೆಗೆ ತಿಂಡಿಗೆ ಕರೆದರು. ಅಕ್ಕಿ ರೊಟ್ಟಿ. ತಿಂದೆ. ನಡೆದು ಬಂದೆ. ಒಂದೂವರೆಗೆ ಊಟಕ್ಕೆ ಕರೆದರು. ಏನಿತ್ತೋ ಅದು.” ಅಲ್ಲಿಗೆ ನಿಲ್ಲಿಸಿದಳು. ಆಮೇಲೆ, “ಅಲ್ಲಿ ಯಾರೂ ನನ್ನನ್ನು ಏನ್ಮಾಡೋದು ಅಂತ ಕೇಳಲಿಲ್ಲ” ಎಂದು ಅಳತೊಡಗಿದಳು.

ಸಮಾಧಾನ ಮಾಡಿ ಮಾತು ಮುಗಿಸಬಹುದಿತ್ತು. ಬದಲಿಗೆ ಹಾಳೆ ಕೊಟ್ಟು, ನಿನ್ನೆ ಬೆಳಗಿನಿಂದ ಎದುರಾದ ಪ್ರಶ್ನೆಗಳನ್ನೆಲ್ಲ ಬರೆಸಿದೆ. ಸಾರು ಯಾವುದು ಮಾಡೋದು? ಮಗುಗೆ ಕೆಮ್ಮಿದೆ, ಶಾಲೆಗೆ ಕಳಿಸೋದಾ? ಗ್ಯಾಸ್ ಬುಕ್ ಆಗಿದೆಯಾ? ಈ ಬಗ್ ಈಗಲೇ ಸರಿಮಾಡೋದಾ, ಮುಂದಿನ ರಿಲೀಸ್‌ಗಾ? ಯಾರ ರಜೆ ಮುಂದಕ್ಕೆ ಹಾಕೋದು? ಬೆಳಿಗ್ಗೆ ಹನ್ನೊಂದು ಗಂಟೆಯೊಳಗಿನ ಪ್ರಶ್ನೆಗಳಿಗೇ ಹಾಳೆಯ ಒಂದು ಬದಿ ತುಂಬಿತು. ಒಂದೊಂದೂ ಚಿಕ್ಕದು. ಆದರೆ ಒಂದೊಂದಕ್ಕೂ ಕೈಲಿದ್ದ ಕೆಲಸ ಬಿಟ್ಟು ತೂಗಿ ನೋಡಬೇಕು, ತಪ್ಪಾದರೆ ಹೊಣೆ ಅವಳದೇ. ಬೆಟ್ಟ ಆ ಹೊರೆಯನ್ನು ಕೆಲವು ದಿನ ಇಳಿಸಿತ್ತು, ಅಷ್ಟೇ.

ಪಟ್ಟಿಯನ್ನು ಮೂರು ಭಾಗ ಮಾಡಿದೆವು: ತಾನೇ ಉತ್ತರಿಸಬೇಕಾದವು, ಒಮ್ಮೆ ನಿಯಮ ಬರೆದಿಟ್ಟರೆ ಮತ್ತೆ ಬಾರದವು, ತನ್ನ ಬಳಿ ಬರಲೇಬಾರದವು. ಮೊದಲ ಭಾಗಕ್ಕೆ ಉಳಿದದ್ದು ನಾಲ್ಕೈದು. ಕಚೇರಿಯಲ್ಲಿ, ಬರೀ ಪ್ರಶ್ನೆ ತರಬೇಡಿ, ಎರಡು ಆಯ್ಕೆ ಮತ್ತು ನಿಮ್ಮ ಶಿಫಾರಸು ತನ್ನಿ ಎಂಬ ನಿಯಮ. ಯಾವ ಮಟ್ಟದ ಬಗ್‌ವರೆಗೆ ತಂಡವೇ ತೀರ್ಮಾನಿಸಬಹುದು ಎಂಬುದು ಬರಹದಲ್ಲಿ. ಮನೆಯಲ್ಲಿ ಫ್ರಿಜ್ ಮೇಲೆ ವಾರದ ಅಡುಗೆ ಪಟ್ಟಿ. ಇಲ್ಲೊಂದು ಷರತ್ತು: ಬರೆಯುವವರು ಗಂಡ, ಸಾಮಾನು ತರಿಸುವವರೂ ಗಂಡ. ಪಟ್ಟಿಯನ್ನು ಆಕೆಯೇ ಬರೆದರೆ ಅದೂ ಇನ್ನೊಂದು ಕೆಲಸ. ಗಂಡನಿಗೆ ಇದು ರುಚಿಸಲಿಲ್ಲ, “ನಾನು ಎಲ್ಲದಕ್ಕೂ ಸಹಾಯ ಮಾಡ್ತೀನಲ್ಲ” ಎಂದರು. ನಿಜ, ಮಾಡುತ್ತಿದ್ದರು, ಪ್ರತಿ ಸಲವೂ ಕೇಳಿಕೊಂಡು. ಕೇಳಿ ಮಾಡುವವರು ಕೈಕೆಲಸ ಹಂಚಿಕೊಳ್ಳುತ್ತಾರೆ. ಯೋಚನೆ ಮಾತ್ರ ಹೇಳುವವರ ತಲೆಯಲ್ಲೇ ಉಳಿಯುತ್ತದೆ.

ಕೆಲಸ ಬಿಡು ಎಂದೇಕೆ ಹೇಳಲಿಲ್ಲ ಎಂದು ಆಕೆಯ ಅಕ್ಕ ನನ್ನ ಮೇಲೆ ಸಿಟ್ಟಾದರು. ಬಸವಳಿದಾಗ ಎಲ್ಲ ಬಾಗಿಲೂ ಮುಚ್ಚಿದಂತೆ ಕಾಣುತ್ತದೆ, ಆಗ ದೊಡ್ಡ ತೀರ್ಮಾನ ಬೇಡ ಎಂಬುದು ನನ್ನ ಪಟ್ಟು. ಅಲ್ಲದೆ ರಾಜೀನಾಮೆ ಕೊಟ್ಟರೆ ಸಾರಿನ ಪ್ರಶ್ನೆ ಹೋಗುವುದಿಲ್ಲ, ಹೆಚ್ಚುತ್ತದೆ. ಬೆಟ್ಟಕ್ಕೆ ಹೋಗಲು ಹಣ, ರಜೆ ಇಲ್ಲದವರ ಜೊತೆಗೂ ನಾನು ಈಗ ಈ ಹಾಳೆಯಿಂದಲೇ ಶುರುಮಾಡುತ್ತೇನೆ. ತವರಿಗೆ ಹೋಗಿಬನ್ನಿ ಎನ್ನುವ ಮೊದಲೂ ಕೇಳಬೇಕು, ಅಲ್ಲಿ ಪ್ರಶ್ನೆ ಕೇಳುವವರು ಎಷ್ಟು ಜನ ಎಂದು.

ಕೆಲಸಕ್ಕೆ ಮರಳಿದ್ದು ಗುರುವಾರ, ಮೊದಲ ವಾರ ಎರಡೇ ದಿನ ಆಗಲೆಂದು. ಮೂರನೇ ವಾರದ ಭೇಟಿಯನ್ನು ಮುಂಚಿತವಾಗಿಯೇ ಗೊತ್ತುಮಾಡಿದ್ದೆ. ರಜೆಯ ಚೈತನ್ಯ ಇಳಿಯುವುದು ಹೆಚ್ಚಾಗಿ ಆ ಹೊತ್ತಿಗೆ. ಇಳಿದಿತ್ತು, ಆದರೆ ಹಳೆಯ ಮಟ್ಟಕ್ಕಲ್ಲ. ಅಡುಗೆ ಪಟ್ಟಿ ಭಾನುವಾರ ಬಿಟ್ಟು ನಡೆಯುತ್ತಿದೆ. ಕಚೇರಿಯಲ್ಲಿ ರಾತ್ರಿ ತೊಂದರೆಯ ಕರೆ ಬಂದರೆ ಎದ್ದು ನೋಡಬೇಕಾದ ಆನ್-ಕಾಲ್ ಸರದಿಯಿಂದ ಮೂರು ತಿಂಗಳ ಬಿಡುಗಡೆ ಸಿಕ್ಕಿತ್ತು. ಅದು ಮುಗಿಯುತ್ತಿದ್ದಂತೆ ನಿದ್ದೆ ಮತ್ತೆ ಕೆಟ್ಟಿತು. ಅದೇ ಹೋಂಸ್ಟೇ ಬುಕ್ ಮಾಡಲೇ ಎಂದು ಕೇಳಿದಳು. ಮೊದಲು ಸರದಿಯನ್ನು ವಾರಕ್ಕೊಂದು ರಾತ್ರಿಗೆ ಇಳಿಸಿ, ಮರುದಿನ ಬೆಳಿಗ್ಗೆ ರಜೆ ಎಂದು ಮ್ಯಾನೇಜರ್‌ರಿಂದ ಬರಹದಲ್ಲಿ ಪಡೆಯಲು ಹೇಳಿದ್ದೇನೆ. ಮಾತುಕತೆ ನಡೆದಿದೆ.