ಕಿವಿಗೆ ಸಿಗದ ಅಂತರಕ್ಕೂ ಹೆಸರು ಯಾಕೆ?

ಪ್ರಶ್ನೆ: ಮೈಕ್ರೊಟೋನಲ್ ಶ್ರುತಿಗಳ, ಅಂದರೆ ಪಿಯಾನೋದ ಅರ್ಧ ಸ್ವರಕ್ಕಿಂತ ಸಣ್ಣ ಅಂತರಗಳನ್ನು ಬಳಸುವ ಶ್ರುತಿಗಳ ಬಗ್ಗೆ ಓದುತ್ತಿದ್ದೇನೆ. ಎರಡು ಸೆಂಟ್, ಅರ್ಧ ಸೆಂಟ್‌ನಷ್ಟು ಸಣ್ಣ ಅಂತರಗಳಿಗೂ ಹೆಸರಿಟ್ಟಿದ್ದಾರೆ. ಇವು ಯಾರಿಗೂ ಕೇಳಿಸುವುದಿಲ್ಲ ಅಲ್ವಾ? ಹಾಗಾದರೆ ಇದೆಲ್ಲ ಸುಮ್ನೆ ಲೆಕ್ಕದ ಆಟವೇ? ಕಾಮಾ ಎನ್ನುವ ಇಂಥ ಸಣ್ಣ ಅಂತರವನ್ನು ‘ಅಳಿಸುವುದು’ ಅಂದರೆ ಏನು?

ಉತ್ತರ: ಕೇಳಿಸುವುದಿಲ್ಲ ಅನ್ನುವ ಮಾತನ್ನೇ ಮೊದಲು ನೋಡೋಣ. ಪಿಯಾನೋದ ಅಕ್ಕಪಕ್ಕದ ಎರಡು ಸ್ವರಗಳ ನಡುವಿನ ಅಂತರದಲ್ಲಿ ನೂರನೇ ಒಂದು ಪಾಲು ಒಂದು ಸೆಂಟ್. ಸ್ವರಗಳನ್ನು ಒಂದಾದ ಮೇಲೊಂದು ನುಡಿಸಿದರೆ ಎರಡು ಸೆಂಟ್ ವ್ಯತ್ಯಾಸ ಹೆಚ್ಚಿನವರಿಗೆ ತಿಳಿಯುವುದಿಲ್ಲ, ನಿಜ. ಒಟ್ಟಿಗೆ ನುಡಿಸಿದರೆ ಕಥೆ ಬೇರೆ. 440 ಹರ್ಟ್ಸ್ ಸ್ವರದ ಜೊತೆ, ಸ್ಕಿಸ್ಮಾ ಎಂಬ ಸಣ್ಣ ಅಂತರದಷ್ಟು, ಅಂದರೆ 1.95 ಸೆಂಟ್ ಏರಿಸಿದ ಸ್ವರವನ್ನು ಹಿಡಿಯಿರಿ. ಅದು ಹತ್ತಿರ ಹತ್ತಿರ 440.5 ಹರ್ಟ್ಸ್. ಎರಡು ಸೆಕೆಂಡಿಗೊಮ್ಮೆ ನಾದ ಉಬ್ಬಿ ತಗ್ಗುವುದು ಸ್ಪಷ್ಟವಾಗಿ ಕೇಳುತ್ತದೆ. 21.5 ಸೆಂಟ್‌ನ ಸಿಂಟಾನಿಕ್ ಕಾಮಾ ಆದರೆ 445.5 ಹರ್ಟ್ಸ್ ಆಗುತ್ತದೆ. ಆಗ ಸೆಕೆಂಡಿಗೆ ಐದೂವರೆ ಬೀಟ್, ಅಂದರೆ ಅಷ್ಟು ಸಲ ಆ ಉಬ್ಬುತಗ್ಗು. ಅದನ್ನು ಯಾರೂ ತಪ್ಪಿಸಿಕೊಳ್ಳಲಾರರು.

ಆದರೆ ನಿಮ್ಮ ಅನುಮಾನ ಪೂರ್ತಿ ತಪ್ಪಲ್ಲ. ರಾಗಿಸ್ಮಾ ಎಂಬ ಅಂತರ ಇದೆ, ಎರಡು ಸ್ವರಗಳ ಕಂಪನಗಳ ಅನುಪಾತ 4375/4374, ಬರೀ 0.4 ಸೆಂಟ್. ಇದೇ ಎತ್ತರದಲ್ಲಿ ಅದರ ಒಂದು ಬೀಟ್‌ಗೆ ಹತ್ತು ಸೆಕೆಂಡು ಬೇಕು. ಮೀಟಿದ ತಂತಿಯ ನಾದ ಅಷ್ಟರಲ್ಲಿ ಕುಗ್ಗಿಹೋಗಿರುತ್ತದೆ. ಇಂಥದ್ದಕ್ಕೆ ಹೆಸರಿಟ್ಟದ್ದು ಕೇಳಲಿಕ್ಕಲ್ಲ. ಎರಡು ಬೇರೆ ಬೇರೆ ದಾರಿಗಳು ಹೆಚ್ಚುಕಡಿಮೆ ಒಂದೇ ಸ್ವರಕ್ಕೆ ಬಂದು ಸೇರುತ್ತವೆ ಎಂದು ಅದು ಹೇಳುತ್ತದೆ. ಆ ಸುದ್ದಿಯೇ ಶ್ರುತಿ ಕಟ್ಟುವವರಿಗೆ ಬೇಕಾದದ್ದು.

ಸಿಂಟಾನಿಕ್ ಕಾಮಾವನ್ನೇ ತೆಗೆದುಕೊಳ್ಳಿ. ಸ ಇಂದ ಪಂಚಮ, ಅದಕ್ಕೆ ಪಂಚಮ, ಹೀಗೆ ನಾಲ್ಕು ಸಲ ಹತ್ತಿ, ಎರಡು ಸ್ಥಾಯಿ ಕೆಳಗೆ ಬನ್ನಿ. ಸಿಗುವ ಗಾಂಧಾರ 81/64. ಸ ಜೊತೆ ಬೀಟ್ ಇಲ್ಲದೆ ನಿಲ್ಲುವ ಗಾಂಧಾರ 5/4, ಅಂದರೆ 80/64. ಎರಡರ ನಡುವೆ 81/80. ಹಾಡುವವರು ಎರಡನ್ನೂ ಹಿಡಿಯಬಹುದು. ಕೀಬೋರ್ಡಿನಲ್ಲಿ ಎರಡಕ್ಕೂ ಇರುವುದು ಒಂದೇ ಕೀಲಿ.

ಕೀಲಿ ಒಂದೇ ಆದಮೇಲೆ ಯಾರಾದರೂ ಬಗ್ಗಲೇಬೇಕು. ಮೀನ್‌ಟೋನ್ ಪದ್ಧತಿಯಲ್ಲಿ ಬಗ್ಗುವುದು ಪಂಚಮ. ಪ್ರತಿ ಪಂಚಮವನ್ನೂ ಕಾಮಾದ ಕಾಲು ಭಾಗ, ಅಂದರೆ 5.4 ಸೆಂಟ್ ಇಳಿಸುತ್ತಾರೆ. ನಾಲ್ಕು ಪಂಚಮ ಹತ್ತುವಷ್ಟರಲ್ಲಿ ಇಡೀ ಕಾಮಾ ಕರಗಿ, ನೇರವಾಗಿ ಶುದ್ಧ 5/4 ಸಿಗುತ್ತದೆ. ಕಾಮಾ ಅಳಿಸುವುದು ಅಂದರೆ ಇದೇ: ಎರಡು ಸ್ವರಗಳು ಇನ್ನು ಒಂದೇ ಎಂದು ಒಪ್ಪಿಕೊಂಡು, ವ್ಯತ್ಯಾಸವನ್ನು ದಾರಿಯುದ್ದಕ್ಕೂ ಹಂಚಿಬಿಡುವುದು. ಇದಕ್ಕೆ ಬೆಲೆಯೂ ಇದೆ. ಇಂಥ ಹನ್ನೆರಡು ಪಂಚಮಗಳು ಏಳು ಸ್ಥಾಯಿಗೆ 41 ಸೆಂಟ್ ಕಡಿಮೆ ಬೀಳುತ್ತವೆ. ಹನ್ನೆರಡೇ ಕೀಲಿ ಇದ್ದರೆ ಆ ಕೊರತೆಯೆಲ್ಲ ಕೊನೆಯ ಒಂದು ಪಂಚಮದ ಮೇಲೆ ಬೀಳುತ್ತದೆ. ಅದು ಎಷ್ಟು ಕರ್ಕಶವೆಂದರೆ, ಊಳಿಡುವ ತೋಳ ಎಂದೇ ಅದಕ್ಕೆ ಹೆಸರು.

ಈ ಒಪ್ಪಂದ ಮಾಡಿಕೊಳ್ಳದಿದ್ದರೆ ಏನಾಗುತ್ತದೆ? ಸಿ ಮೇಜರ್, ಎ ಮೈನರ್, ಡಿ ಮೈನರ್, ಜಿ ಮೇಜರ್, ಮತ್ತೆ ಸಿ. ತುಂಬಾ ಸಾಮಾನ್ಯವಾದ ಕಾರ್ಡ್ ಸುತ್ತು. ಪ್ರತಿ ಕಾರ್ಡನ್ನೂ ಶುದ್ಧವಾಗಿ ಹಾಡಿ, ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಎರಡಕ್ಕೂ ಸೇರಿದ ಸ್ವರವನ್ನು ಕದಲಿಸದೆ ಹಿಡಿದರೆ, ಕೊನೆಯ ಸಿ ಮೊದಲಿನದಕ್ಕಿಂತ ಒಂದು ಕಾಮಾ ಕೆಳಗಿರುತ್ತದೆ. ಐದು ಸುತ್ತು ಹಾಡಿದರೆ 107 ಸೆಂಟ್, ಅಂದರೆ ಅರ್ಧ ಸ್ವರಕ್ಕಿಂತ ಜಾಸ್ತಿ ಇಳಿದಿರುತ್ತೀರಿ. ಹಾಡುವವರ ತಪ್ಪು ಒಂದೂ ಇಲ್ಲ! ಇಂಥ ಜಾರಾಟವನ್ನು 16ನೇ ಶತಮಾನದಲ್ಲೇ ಇಟಲಿಯ ಗಣಿತಜ್ಞ ಜೊವಾನ್ನಿ ಬತ್ತಿಸ್ತ ಬೆನೆದೆತ್ತಿ ಲೆಕ್ಕ ಹಾಕಿ ತೋರಿಸಿದ್ದರು. ಮೀನ್‌ಟೋನ್‌ನಲ್ಲಿ ಅದೇ ಸುತ್ತು ಹೊರಟಲ್ಲಿಗೇ ಬಂದು ಮುಟ್ಟುತ್ತದೆ. ಹಾಗಾಗಿ ಯಾವ ಕಾಮಾ ಅಳಿಸಿದ್ದೀರಿ ಅನ್ನುವುದು ಆ ಶ್ರುತಿಯಲ್ಲಿ ಯಾವ ಸಂಗೀತ ನಡೆಯುತ್ತದೆ ಅನ್ನುವುದನ್ನೇ ತೀರ್ಮಾನಿಸುತ್ತದೆ.

ಈಗ ಸಣ್ಣ ಅಂತರಗಳಿಗೆ ಬರೋಣ. ಶುದ್ಧ ಪಂಚಮ 3/2. ಅದನ್ನು 49/40 ಮತ್ತು 60/49 ಎಂದು ಎರಡು ತುಂಡು ಮಾಡಬಹುದು. ಆ ತುಂಡುಗಳು ಬಹುತೇಕ ಸಮ. ವ್ಯತ್ಯಾಸ 2401/2400, ಬರೀ 0.72 ಸೆಂಟ್. ಇದನ್ನು ಬ್ರೀಡ್ಸ್ಮಾ ಅನ್ನುತ್ತಾರೆ. ಇದನ್ನು ಅಳಿಸಿದರೆ ಪಂಚಮ ಸರಿಯಾಗಿ ಅರ್ಧಕ್ಕೆ ಒಡೆಯುತ್ತದೆ, ಕಿವಿಗೆ ನಷ್ಟ ಏನೂ ಇಲ್ಲ. ಮೀನ್‌ಟೋನ್‌ನಲ್ಲಿ ಪಂಚಮವನ್ನು ಕಣ್ಣಿಗೆ ಕಾಣುವಷ್ಟು ಬಗ್ಗಿಸಬೇಕಾಯಿತು, ಇಲ್ಲಿ ಬಿಟ್ಟಿಯಾಗಿಯೇ ಲಾಭ. ಅಂತರ ಎಷ್ಟು ಸಣ್ಣದೋ ಒಪ್ಪಂದ ಅಷ್ಟು ಅಗ್ಗ. ತೊಡಕು ಏನೆಂದರೆ, ಅಂತರ ಸಣ್ಣದಾದಂತೆ ಆ ಎರಡು ದಾರಿಗಳು ಸಾಮಾನ್ಯವಾಗಿ ಉದ್ದವಾಗುತ್ತವೆ. ಅಷ್ಟು ದೂರ ಹೋಗಲು ಸ್ವರಗಳೂ ಜಾಸ್ತಿ ಬೇಕು. ಟೆಂಪರಮೆಂಟ್, ಅಂದರೆ ಹೀಗೆ ಅಂತರ ಅಳಿಸಿದ ಶ್ರುತಿ ಹುಡುಕುವವರ ಎಲ್ಲ ಶ್ರಮವೂ ಈ ಎಳೆದಾಟದಲ್ಲೇ ಇದೆ, ಮತ್ತು ನನಗೆ ಈ ವಿಷಯದಲ್ಲಿ ಅತಿ ಚೆಂದ ಅನ್ನಿಸುವುದೂ ಇದೇ.

ಪ್ರಶ್ನೆ: ಸ್ಥಾಯಿಯನ್ನು ಹನ್ನೆರಡು ಬಿಟ್ಟು ಬೇರೆ ಸಂಖ್ಯೆಯ ಸಮಪಾಲು ಮಾಡಿ ಪ್ರಯತ್ನಿಸಬೇಕು ಅಂದುಕೊಂಡಿದ್ದೇನೆ. 19, 31, 53 ಇವುಗಳಲ್ಲಿ ಯಾವುದು?

ಉತ್ತರ: 31. ಇದನ್ನು 1691ರಲ್ಲೇ ಡಚ್ ವಿಜ್ಞಾನಿ ಕ್ರಿಸ್ಟಿಯಾನ್ ಹೈಗೆನ್ಸ್ ಲೆಕ್ಕ ಹಾಕಿ ಸಮರ್ಥಿಸಿದ್ದರು. ಡಚ್ ಭೌತವಿಜ್ಞಾನಿ ಆಡ್ರಿಯಾನ್ ಫೋಕರ್ 31 ಸ್ವರಗಳ ಆರ್ಗನ್ ಒಂದನ್ನೇ ಕಟ್ಟಿಸಿದರು. ಅದು 1950ರಲ್ಲಿ ಹಾರ್ಲೆಮ್‌ನಲ್ಲಿ ಸಿದ್ಧವಾಯಿತು. ಇದೂ ಸಿಂಟಾನಿಕ್ ಕಾಮಾವನ್ನು ಅಳಿಸುತ್ತದೆ, ಹಾಗಾಗಿ ನಿಮಗೆ ಗೊತ್ತಿರುವ ಕಾರ್ಡ್‌ಗಳೆಲ್ಲ ನಡೆಯುತ್ತವೆ. ಗಾಂಧಾರ 387.1 ಸೆಂಟ್, ಶುದ್ಧ ಗಾಂಧಾರಕ್ಕಿಂತ ಒಂದು ಸೆಂಟ್ ಕೂಡ ಆಚೆ ಇಲ್ಲ. ಪಿಯಾನೋದ ಗಾಂಧಾರ ಸುಮಾರು 14 ಸೆಂಟ್ ಏರಿರುತ್ತದೆ. ಜೊತೆಗೆ 7/4 ಸ್ವರವೂ ಒಂದು ಸೆಂಟ್‌ನಷ್ಟೇ ತಪ್ಪಿನಲ್ಲಿ ಸಿಗುತ್ತದೆ. ಪಿಯಾನೋದಲ್ಲಿ ಅದು ಇಲ್ಲವೇ ಇಲ್ಲ.

53ರಲ್ಲಿ ಪಂಚಮ ಶುದ್ಧ ಪಂಚಮಕ್ಕೆ ಇನ್ನೂ ಹತ್ತಿರ. ಅದು ಸ್ಕಿಸ್ಮಾವನ್ನು ಅಳಿಸುತ್ತದೆ, ಸಿಂಟಾನಿಕ್ ಕಾಮಾವನ್ನು ಮಾತ್ರ ಉಳಿಸಿಕೊಂಡು ಒಂದು ಮೆಟ್ಟಿಲು ಮಾಡುತ್ತದೆ. ಮೇಲೆ ಹೇಳಿದ ಜಾರಾಟ ಅಲ್ಲಿ ಹಾಗೇ ಇರುತ್ತದೆ. 31 ಕಿವಿಗೆ ಕೂತ ಮೇಲೆ ಅದಕ್ಕೆ ಹೋಗಿ.

ಪ್ರಶ್ನೆ: ಫೋನಿನ ಟ್ಯೂನರ್ ಆ್ಯಪ್ ಸಾಕೇ?

ಉತ್ತರ: ಸ್ವರದ ಹತ್ತಿರಕ್ಕೆ ತಲುಪಲು ಸಾಕು. ಅಲ್ಲಿಂದ ಮುಂದೆ ಬೀಟ್ ಎಣಿಸಿ. 440 ಹರ್ಟ್ಸ್ ಮೇಲೆ ಪಿಯಾನೋದ ಪಂಚಮ 659.26 ಹರ್ಟ್ಸ್. ಎರಡನ್ನೂ ಒಟ್ಟಿಗೆ ಹಿಡಿದರೆ, ಕೆಳಗಿನ ಸ್ವರದ ಮೂರರಷ್ಟು ಮತ್ತು ಮೇಲಿನದರ ಎರಡರಷ್ಟು ಎತ್ತರದ ಉಪಸ್ವರಗಳ ನಡುವೆ ಎರಡು ಸೆಕೆಂಡಿಗೆ ಮೂರು ಬೀಟ್ ಬರುತ್ತವೆ. ಮೇಲಿನ ಸ್ವರವನ್ನು ನಿಧಾನಕ್ಕೆ ಏರಿಸುತ್ತಾ ಹೋಗಿ. ಬೀಟ್ ಪೂರ್ತಿ ನಿಂತರೆ 660ಕ್ಕೆ ಬಂದಿದ್ದೀರಿ.