ಡಿಜಿಟಲ್ ಪಿಯಾನೋಗೆ ಯಾವ ಸ್ಪೀಕರ್? ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮಗಳಿಗೆ ಯಮಹಾ ಪಿ-45 ಕೊಡಿಸಿದೀವಿ, ಗ್ರೇಡ್ ಪರೀಕ್ಷೆಗೆ ರೆಡಿ ಆಗ್ತಿದಾಳೆ. ಅದರ ಒಳಗಿನ ಸ್ಪೀಕರ್ ಸಾಕಾಗ್ತಿಲ್ಲ. ಮನೇಲಿ ಅವಳ ಅಣ್ಣನ ಗಿಟಾರ್ ಆಂಪ್ ಇತ್ತು, ಅದಕ್ಕೆ ಹಾಕಿದ್ರೆ ಸೌಂಡ್ ಜೋರಾಗೇನೋ ಬರತ್ತೆ, ಆದ್ರೆ ಮಂಕು ಮಂಕು. ಆಂಪ್ ಕೆಟ್ಟಿದ್ಯಾ? ಹೊಸದು ತಗೊಳ್ಳೋದಾದ್ರೆ ಯಾವುದು?
– ಓದುಗರು, ಶಿವಮೊಗ್ಗ

ಉತ್ತರ: ಆಂಪ್ ಕೆಟ್ಟಿಲ್ಲ, ಅದು ಗಿಟಾರ್‌ಗೆ ಮಾಡಿದ್ದು ಅಷ್ಟೇ. ಎಲೆಕ್ಟ್ರಿಕ್ ಗಿಟಾರ್ ತಂತಿಯಿಂದ ಬರೋ ಸಿಗ್ನಲ್ ಅರ್ಧ ಸೌಂಡ್ ಮಾತ್ರ, ಉಳಿದರ್ಧ ಬಣ್ಣ ಆಂಪ್ ಕೊಡತ್ತೆ, ಅದಕ್ಕೇ ಅದರಲ್ಲಿ ಮಿಡ್ (ನಡುವಿನ ಸ್ವರಗಳು) ಎತ್ತಿರ್ತಾರೆ, ಟ್ವೀಟರ್ (ಮೇಲಿನ ಸ್ವರ ನುಡಿಸೋ ಪುಟ್ಟ ಸ್ಪೀಕರ್) ಇರಲ್ಲ, ಸುಮಾರು 5000 ಹರ್ಟ್ಸ್ ದಾಟಿದ ಮೇಲೆ ಅದರ ಸ್ಪೀಕರ್ ಹೆಚ್ಚು ಏನೂ ನುಡಿಸಲ್ಲ. ಡಿಜಿಟಲ್ ಪಿಯಾನೋ ಕಥೆ ಪೂರ್ತಿ ಉಲ್ಟಾ. ಅದರಲ್ಲಿರೋದು ನಿಜವಾದ ಗ್ರ್ಯಾಂಡ್ ಪಿಯಾನೋಗೆ ಒಳ್ಳೆ ಮೈಕ್ ಇಟ್ಟು ರೆಕಾರ್ಡ್ ಮಾಡಿದ ಸೌಂಡು, ಆಗ್ಲೇ ಮುಗಿದ ಅಡುಗೆ ಅದು, ಅದಕ್ಕೆ ಮತ್ತೆ ಒಗ್ಗರಣೆ ಹಾಕಬಾರದು. ನಿಮಗೆ ಬೇಕಿರೋದು ತನ್ನದೇನೂ ಸೇರಿಸದೆ, ಬಂದಿದ್ದನ್ನ ಬಂದ ಹಾಗೇ ನುಡಿಸೋ ಸ್ಪೀಕರ್.

ಅದೂ ಎರಡು ಬೇಕು, ಈ ವಿಷಯದಲ್ಲಿ ನಾನು ರಾಜಿ ಆಗಲ್ಲ. ಆ ರೆಕಾರ್ಡಿಂಗ್ (ಸ್ಯಾಂಪಲ್ ಅಂತಾರೆ) ಮಾಡೋವಾಗ್ಲೇ ಸ್ಟೀರಿಯೋದಲ್ಲಿ ಮಾಡಿರ್ತಾರೆ, ಮಂದ್ರದ ಕೀಗಳು ಎಡಕ್ಕೆ, ತಾರದವು ಬಲಕ್ಕೆ ಕೇಳೋ ಹಾಗೆ. ಎರಡನ್ನೂ ಒಂದೇ ಸ್ಪೀಕರ್‌ಗೆ ಬೆರೆಸಿದ್ರೆ ಅಲೆಗಳು ಒಂದನ್ನೊಂದು ಕಡಿದುಕೊಂಡು ಕೆಲವು ಸ್ವರ ಸೊರಗಿ ಹೋಗತ್ತೆ, ಹುಡುಗಿಗೆ ತನ್ನ ಬೆರಳೇ ಸರಿಯಿಲ್ವೇನೋ ಅನ್ಸತ್ತೆ.

ಮನೆಗೆ ನಾನು ಹೇಳೋದು ಸ್ಟುಡಿಯೋ ಮಾನಿಟರ್ ಅಂತ ಸಿಗೋ ಪವರ್ಡ್ ಸ್ಪೀಕರ್ ಜೋಡಿ, ಆಂಪ್ ಅದರೊಳಗೇ ಇರತ್ತೆ. ಯಮಹಾ ಎಚ್‌ಎಸ್5, ಜೆಬಿಎಲ್ 305ಪಿ ಇವೆಲ್ಲ 5 ಇಂಚಿನವು, 10 ಅಡಿ 12 ಅಡಿ ರೂಮಿಗೆ ಧಾರಾಳ. ಪಿಯಾನೋದ ಕಟ್ಟಕಡೆ ಎಡಗಡೆ ಕೀ 27.5 ಹರ್ಟ್ಸ್, ಎಚ್‌ಎಸ್5 ಇಳಿಯೋದು 54ರ ತನಕ ಮಾತ್ರ, ಹಾಗಾದ್ರೆ ಆ ಕೀ ಕೇಳೋದೇ ಇಲ್ವಾ ಅಂತ ಕೇಳ್ತೀರಿ. ಕೇಳತ್ತೆ. ನಿಜವಾದ ಪಿಯಾನೋದಲ್ಲೂ ಆ ಸ್ವರದ ಮೂಲ ಕಂಪನ ತುಂಬಾ ವೀಕ್ ಆಗಿರತ್ತೆ, ಮೇಲಿನ ಹಾರ್ಮೋನಿಕ್ಸ್ (ಮೂಲದ ಜೊತೆಗೇ ಹುಟ್ಟೋ ಮೇಲಿನ ಕಂಪನಗಳು) ಕೇಳಿಸಿಕೊಂಡು ಕಿವಿನೇ ಅದನ್ನ ತುಂಬ್ಕೊಳ್ಳತ್ತೆ. 8 ಇಂಚಿನದ್ದು ತಂದು ಚಿಕ್ಕ ರೂಮಿನ ಮೂಲೆಗೆ ತಳ್ಳಿದ್ರೆ ಎಡಗೈ ಬರೀ ಗುಂಯ್ ಅನ್ನತ್ತೆ. ಯಾವುದೇ ತಗೊಂಡ್ರೂ ಗೋಡೆಯಿಂದ ಒಂದಿಷ್ಟು ಮುಂದಕ್ಕಿಡಿ, ಟ್ವೀಟರ್ ಅವಳು ಕೂತಾಗ ಕಿವಿ ಮಟ್ಟಕ್ಕೆ ಬರಲಿ.

ಈಗ ಕೇಬಲ್, ಹೆಚ್ಚು ಜನ ಎಡವೋದು ಇಲ್ಲೇ. ಪಿ-45ಗೆ ಲೈನ್ ಔಟ್ (ಹೊರಗಿನ ಸ್ಪೀಕರ್‌ಗೆ ಅಂತಾನೇ ಇರೋ ಜ್ಯಾಕ್) ಇಲ್ಲ, ಇರೋದು ಒಂದೇ ಹೆಡ್‌ಫೋನ್ ತೂತು, ಅದರಿಂದಾನೇ ತೆಗೀಬೇಕು (ಪಿನ್ ಚುಚ್ಚಿದ ತಕ್ಷಣ ಒಳಗಿನ ಸ್ಪೀಕರ್ ಸುಮ್ಮನಾಗತ್ತೆ, ಗಾಬರಿ ಆಗ್ಬೇಡಿ). ನಿಮಗೆ ಬೇಕಿರೋದು ವೈ ಕೇಬಲ್: ಒಂದು ತುದಿ ಕಾಲಿಂಚಿನ ಸ್ಟೀರಿಯೋ ಪಿನ್, ಇನ್ನೊಂದು ಕಡೆ ಎಡಕ್ಕೊಂದು ಬಲಕ್ಕೊಂದು ಮೋನೋ ಪಿನ್. ಅಂಗಡಿಯವರು ಎರಡೂ ಕಡೆ ಸ್ಟೀರಿಯೋ ಪಿನ್ ಇರೋ ಕೇಬಲ್ ಕೊಟ್ಟು ಇದೂ ಆಗತ್ತೆ ಅಂದ್ರೆ ತಗೋಬೇಡಿ. ಮಾನಿಟರ್‌ನ ಬ್ಯಾಲೆನ್ಸ್ಡ್ ಇನ್‌ಪುಟ್ (ಎರಡು ತಂತಿಯ ವ್ಯತ್ಯಾಸ ಮಾತ್ರ ತಗೊಳ್ಳೋದು) ಎಡದಿಂದ ಬಲವನ್ನ ಕಳೆದು ಉಳಿದಿದ್ದನ್ನ ಮಾತ್ರ ನುಡಿಸತ್ತೆ, ಎರಡರಲ್ಲೂ ಸಮನಾಗಿರೋ ಸೌಂಡೆಲ್ಲ ಮಾಯ. ಪೊಳ್ಳು ಪೊಳ್ಳಾಗಿ ಕೇಳ್ತಿದ್ರೆ ಸ್ಪೀಕರ್ ವಾಪಸ್ ಮಾಡೋ ಮುಂಚೆ ಕೇಬಲ್ ನೋಡಿ. ಪಿಯಾನೋ ವಾಲ್ಯೂಮ್ ಮುಕ್ಕಾಲು ಇಟ್ಟು, ಸ್ಪೀಕರ್‌ದು ಸೊನ್ನೆಯಿಂದ ಏರಿಸ್ಕೊಂಡು ಬನ್ನಿ. ಆನ್ ಮಾಡೋವಾಗ ಸ್ಪೀಕರ್ ಕೊನೇಗೆ, ಆಫ್ ಮಾಡೋವಾಗ ಅದೇ ಮೊದಲು.

ಪ್ರಶ್ನೆ: ನಮ್ಮನ್ಯಾಗ ಛಲೋ ಬ್ಲೂಟೂತ್ ಸ್ಪೀಕರ್ ಐತ್ರಿ, ರೋಲಂಡ್ ಎಫ್‌ಪಿ-30ಎಕ್ಸ್ ಪಿಯಾನೋದಾಗೂ ಬ್ಲೂಟೂತ್ ಐತಿ. ಆದ್ರ ಎರಡೂ ಕೂಡವಲ್ವು. ಏನ್ ಮಾಡಬೇಕ್ರಿ?
– ಓದುಗರು, ಹುಬ್ಬಳ್ಳಿ

ಉತ್ತರ: ಅವು ಕೂಡೋದೇ ಇಲ್ಲ. ಪಿಯಾನೋದಲ್ಲಿರೋ ಬ್ಲೂಟೂತ್ ಆಡಿಯೋ ಒಳಗೆ ತಗೊಳ್ಳೋಕೆ ಮಾತ್ರ, ಅಂದ್ರೆ ಫೋನಲ್ಲಿರೋ ಹಾಡು ಪಿಯಾನೋ ಸ್ಪೀಕರಲ್ಲಿ ಕೇಳೋಕೆ. ಹೊರಗಡೆ ಕಳ್ಸಲ್ಲ. ಬೇರೆ ಟ್ರಾನ್ಸ್‌ಮಿಟರ್ ಹಾಕಿ ಕಳಿಸಿದ್ರೂ ಮಾಮೂಲಿ ಬ್ಲೂಟೂತ್‌ನಲ್ಲಿ 100ರಿಂದ 200 ಮಿಲಿಸೆಕೆಂಡ್, ಕೆಲವು ಸಲ ಇನ್ನೂ ಜಾಸ್ತಿ ತಡ. ಗಾಳೀಲಿ ಸೌಂಡ್ 1 ಮೀಟರ್ ದಾಟೋಕೆ ಸುಮಾರು 3 ಮಿಲಿಸೆಕೆಂಡ್ ಸಾಕು, ಅಂದ್ರೆ ನೀವು ಕೀ ಒತ್ತಿದ್ದು 30 ಮೀಟರ್‌ಗಿಂತ ದೂರದಿಂದ ಕೇಳಿದ ಲೆಕ್ಕ, ಹೀಗೆ ಅಭ್ಯಾಸ ಮಾಡಿದ್ರೆ ಲಯ ಹಾಳಾಗತ್ತೆ. ನಿಮ್ಮ ಸ್ಪೀಕರ್‌ಗೆ ಆಕ್ಸ್ ಇನ್ (ವೈರ್ ಚುಚ್ಚೋ ತೂತು) ಇದ್ರೆ ವೈರ್ ಹಾಕಿ ನೋಡಿ, ಕೆಲವು ಮಾಡೆಲ್ ಅಲ್ಲೂ ಸ್ವಲ್ಪ ತಡ ಮಾಡತ್ತೆ, ಫಾಸ್ಟ್ ಆಗಿ ನುಡಿಸಿ ನೋಡಿದ್ರೆ ಗೊತ್ತಾಗತ್ತೆ.

ಪ್ರಶ್ನೆ: ಚರ್ಚ್ ಕ್ವಾಯರ್‌ನಲ್ಲಿ ಪಿಯಾನೋ ನುಡಿಸ್ತೀನಿ, ಮದುವೆ ಸ್ಟೇಜ್‌ಗೂ ಹೋಗ್ತೀನಿ, 200 ಜನದ ಹಾಲ್. ಕೀಬೋರ್ಡ್ ಆಂಪ್ ತಗೊಳ್ಳಲಾ, 1000 ವ್ಯಾಟ್ ಅಂತ ಬರೆದಿರೋ ಪವರ್ಡ್ ಸ್ಪೀಕರ್ ತಗೊಳ್ಳಲಾ?
– ಓದುಗರು, ಮಂಗಳೂರು

ಉತ್ತರ: ಮೊದಲು ಆ 1000 ವ್ಯಾಟ್ ಮರೀರಿ. ಅದು ಬಹಳ ಸಲ ಪೀಕ್ ಲೆಕ್ಕ, ಕ್ಷಣ ಮಾತ್ರ ಸಿಗೋದು. ವ್ಯಾಟ್ ಡಬಲ್ ಆದ್ರೆ ಏರೋದು 3 ಡೆಸಿಬಲ್ ಅಷ್ಟೇ, ಕಿವಿಗೆ ಎರಡು ಪಟ್ಟು ಜೋರು ಅನ್ನಿಸೋಕೆ ಸುಮಾರು 10 ಡೆಸಿಬಲ್ ಬೇಕು, ಅಂದ್ರೆ 10 ಪಟ್ಟು ವ್ಯಾಟ್. ಸ್ಪೆಕ್ ಶೀಟಲ್ಲಿ ಮ್ಯಾಕ್ಸಿಮಮ್ ಎಸ್‌ಪಿಎಲ್ (ಸ್ಪೀಕರ್ ಎಷ್ಟು ಜೋರಾಗಿ ನುಡಿಸಬಲ್ಲದು ಅನ್ನೋ ಡೆಸಿಬಲ್ ಲೆಕ್ಕ) ಎಷ್ಟಿದೆ ನೋಡಿ, ಹೋಲಿಕೆಗೆ ಅದೇ ವಾಸಿ.

ಕೀಬೋರ್ಡ್ ಆಂಪ್ ಕೆಟ್ಟದ್ದಲ್ಲ. ರೋಲಂಡ್ ಕೆಸಿ ಸೀರೀಸ್ ಥರದ್ದು ಗಟ್ಟಿಮುಟ್ಟು, ಮೂರ್ನಾಲ್ಕು ಕೀಬೋರ್ಡು ಮೈಕು ಒಂದಕ್ಕೇ ಹಾಕಬಹುದು, ಬೇರೆ ಮಿಕ್ಸರ್ ಬೇಡ, ಸಿಂಥ್ ಆರ್ಗನ್ ಎಲ್ಲಾ ನುಡಿಸೋರಿಗೆ ಅನುಕೂಲ. ಆದ್ರೆ ಹೆಚ್ಚಿನವು ಮೋನೋ (ಎಡ ಬಲ ಅಂತ ಬೇರೆ ಇಲ್ಲ, ಎಲ್ಲ ಒಂದೇ), ತೂಕಾನೂ ಜಾಸ್ತಿ. ನಿಮ್ಮದು ಮುಖ್ಯವಾಗಿ ಪಿಯಾನೋ ಸೌಂಡ್ ಆದ್ರಿಂದ ಯಮಹಾ ಡಿಬಿಆರ್10, ಕ್ಯೂಎಸ್‌ಸಿ ಕೆ10.2, ಇವಿ ಝಡ್‌ಎಲ್‌ಎಕ್ಸ್-12ಪಿ ಥರದ 10 ಅಥವಾ 12 ಇಂಚಿನ ಪವರ್ಡ್ ಸ್ಪೀಕರ್ ಕಡೆ ನಾನು ವಾಲ್ತೀನಿ. ಈಗ ಒಂದೇ ತಗೊಂಡು ಪಕ್ಕದಲ್ಲಿ ಮಾನಿಟರ್ ಥರ ಇಟ್ಕೊಳ್ಳಿ, ದುಡ್ಡಾದಾಗ ಇನ್ನೊಂದು ಸೇರಿಸಿ. ಒಂದೇ ಸ್ಪೀಕರ್ ಇದ್ದಾಗ ಪಿಯಾನೋದ ಎಡ/ಮೋನೋ ಅಂತ ಬರೆದಿರೋ ಜ್ಯಾಕಿಂದ ಮಾತ್ರ ತೆಗೀರಿ, ಬಲದ್ದು ಖಾಲಿ ಇರಲಿ, ಆಗ ಪಿಯಾನೋನೇ ಎರಡನ್ನೂ ಸೇರಿಸಿ ಕಳಿಸತ್ತೆ. ಅದರಲ್ಲಿ ಯಾವ ಟೋನ್ ಮೋನೋದಲ್ಲಿ ಚೆನ್ನಾಗಿ ಕೇಳತ್ತೆ ಅಂತ ಮನೇಲೇ ಆರಿಸಿಟ್ಕೊಂಡು ಹೋಗಿ.

200 ಜನಕ್ಕೂ ನಿಮ್ಮ ಸ್ಪೀಕರಿಂದಾನೇ ಕೇಳಿಸ್ಬೇಕು ಅನ್ನೋ ಹಟ ಬೇಡ. ಬಯಲಲ್ಲಾದ್ರೆ ದೂರ ಎರಡು ಪಟ್ಟಾದಂಗೆ 6 ಡೆಸಿಬಲ್ ಕಮ್ಮಿ ಆಗ್ತಾ ಹೋಗತ್ತೆ, ಹಿಂದಿನ ಸಾಲಿಗೆ ಮುಟ್ಟಿಸೋಕೆ ಹೋದ್ರೆ ಮುಂದಿನ ಸಾಲಿನವರ ಕಿವಿಗೆ ಕಷ್ಟ, ಕ್ವಾಯರ್ ದನಿ ಮುಳುಗತ್ತೆ. ಹಾಲ್‌ನ ಸಿಸ್ಟಮ್‌ಗೆ ಡಿಐ ಬಾಕ್ಸ್ ಅನ್ನೋ ಪುಟ್ಟ ಡಬ್ಬಿ ಮೂಲಕ ಕೊಡಿ. ಪಿಯಾನೋದಿಂದ ಬರೋ ಮಾಮೂಲಿ ಕೇಬಲ್ 5-6 ಮೀಟರ್ ದಾಟಿದ್ರೆ ಗಲೀಜು ಸದ್ದು ಹಿಡ್ಕೊಳ್ಳೋಕೆ ಶುರು ಮಾಡತ್ತೆ, ಡಿಐ ಅದನ್ನ ಬ್ಯಾಲೆನ್ಸ್ಡ್ ಮಾಡಿ ಮಿಕ್ಸರ್ ತನಕ ಕ್ಲೀನಾಗಿ ಕಳಿಸತ್ತೆ. ಹಮ್ಮ್ ಅಂತ ಬಂದ್ರೆ ಡಿಐ ಮೇಲಿರೋ ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಿ. ದಯವಿಟ್ಟು ಪ್ಲಗ್‌ನ ಅರ್ಥ್ ಪಿನ್ ಮಾತ್ರ ಕೀಳೋಕೆ ಯಾರಿಗೂ ಬಿಡ್ಬೇಡಿ, ಹಮ್ ಹೋಗತ್ತೆ ಅಂತ ಸ್ಟೇಜ್ ಹುಡುಗರು ಹೇಳಿದ್ರೂ ಸರಿ, ಬೆವರಿದ ಕೈಲಿ ಮೈಕ್ ಹಿಡಿಯೋರ ಜೀವದ ಪ್ರಶ್ನೆ ಅದು.

ಪ್ರಶ್ನೆ: ನ್ಯೂಜೆರ್ಸಿಯಿಂದ ಮೈಸೂರಿಗೆ ವಾಪಸ್ ಬರ್ತಿದೀವಿ. ಇಲ್ಲಿ ತಗೊಂಡ ಪವರ್ಡ್ ಸ್ಪೀಕರ್ ಅಲ್ಲಿ ನಡೆಯತ್ತಾ?
– ಓದುಗರು

ಉತ್ತರ: ಹಿಂದುಗಡೆ ಲೇಬಲ್ ಓದಿ. 100-240 ಅಂತ ಇದ್ರೆ ಬರೀ ಪಿನ್ ಬದಲಾಯಿಸಿದ್ರೆ ಆಯ್ತು. 115/230 ಸ್ವಿಚ್ ಇದ್ರೆ ಮೈಸೂರಲ್ಲಿ ಪ್ಲಗ್ ಹಾಕೋ ಮುಂಚೇನೇ 230ಕ್ಕೆ ತಿರುಗಿಸಿ. ಬರೀ 120 ವೋಲ್ಟ್ ಅಂತಿದ್ರೆ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು, ಅದರ ತೂಕ, ಖರ್ಚು ಎಲ್ಲ ನೋಡಿದ್ರೆ ಅಲ್ಲೇ ಮಾರಿ ಬರೋದು ಒಳ್ಳೇದು. ಪಿಯಾನೋ ಅಡಾಪ್ಟರ್‌ನೂ ಹೀಗೇ ಚೆಕ್ ಮಾಡಿ.

ಪ್ರಶ್ನೆ: ಅಪಾರ್ಟ್‌ಮೆಂಟ್‌ನಲ್ಲಿದೀವಿ, ರಾತ್ರಿ ಹೆಡ್‌ಫೋನ್ ಹಾಕ್ಕೊಂಡೇ ನುಡಿಸ್ತೀನಿ, ಆದ್ರೂ ಕೆಳಗಿನ ಮನೆಯವರು ಸದ್ದು ಬರತ್ತೆ ಅಂತಾರೆ. ಇದು ಹೇಗೆ ಸಾಧ್ಯ?
– ಓದುಗರು, ಬೆಂಗಳೂರು

ಉತ್ತರ: ಅವರು ಹೇಳ್ತಿರೋದು ನಿಜ. ಅವರಿಗೆ ಕೇಳ್ತಿರೋದು ಸ್ವರ ಅಲ್ಲ, ಕೀ ತಳಕ್ಕೆ ತಾಗಿದಾಗ ಆಗೋ ಧಡ್ ಧಡ್, ಅದು ಸ್ಟ್ಯಾಂಡ್ ಕಾಲಿನ ಮೂಲಕ ನೆಲಕ್ಕಿಳಿದು ಅವರ ಸೀಲಿಂಗ್‌ನಲ್ಲಿ ಕೇಳತ್ತೆ. ಪೆಡಲ್ ಒತ್ತೋ ಸದ್ದೂ ಅಷ್ಟೇ. ಸ್ಟ್ಯಾಂಡ್ ಮತ್ತು ಪೆಡಲ್ ಕೆಳಗೆ ದಪ್ಪ ರಬ್ಬರ್ ಮ್ಯಾಟ್ ಹಾಕಿ, ಅದರ ಮೇಲೊಂದು ಪ್ಲೈವುಡ್ ಹಲಗೆ ಇಟ್ಟು ಅದರ ಮೇಲೆ ಪಿಯಾನೋ ಕೂರಿಸಿದ್ರೆ ಇನ್ನೂ ಕಮ್ಮಿ ಆಗತ್ತೆ. ಸ್ಪೀಕರ್ ತಂದಾಗ ಅದನ್ನೂ ಟೇಬಲ್ ಮೇಲೆ ಬರಿದೇ ಇಡದೆ ಫೋಮ್ ಪ್ಯಾಡ್ ಮೇಲೆ ಇಡಿ. ಮ್ಯಾಟ್ ಹಾಕಿದ ಮೇಲೆ ಮನೆಯವರಿಗೆ ನುಡಿಸೋಕೆ ಹೇಳಿ, ನೀವು ಕೆಳಗಿನ ಮನೆಗೆ ಹೋಗಿ ಐದು ನಿಮಿಷ ಕೂತು ಕೇಳಿ ಬನ್ನಿ.