ಊಟದ ಸಾಲಿಗೆ ಬರುವವರು, ಬಾರದವರು

ಊರವರೇ ಕೂಡಿ ನಡೆಸುವ ಅಡುಗೆಮನೆಗಳ ಕುರಿತು ಕಳೆದ ಸಂಚಿಕೆಯಲ್ಲಿ ಬರೆದ ಟಿಪ್ಪಣಿಗೆ ನಮ್ಮ ಉತ್ತರ ಕನ್ನಡ ಜಿಲ್ಲೆಯ ಹಲವು ಕಡೆಗಳಿಂದ ಪ್ರಶ್ನೆಗಳು ಬಂದಿವೆ. ಅವುಗಳಲ್ಲಿ ಐದನ್ನು ಇಲ್ಲಿ ತೆಗೆದುಕೊಂಡಿದ್ದೇನೆ. ಬರೆದವರ ಇಚ್ಛೆಯಂತೆ ಹೆಸರುಗಳನ್ನು ಬಿಟ್ಟು ಊರನ್ನಷ್ಟೇ ಉಳಿಸಿದ್ದೇನೆ.

ಪ್ರಶ್ನೆ: ನಮ್ಮ ಕೇರಿಯ ಎಂಟು ಮನೆಯವರು ಸೇರಿ, ಮಕ್ಕಳೆಲ್ಲ ಗೋವಾ, ಮುಂಬೈ, ಬೆಂಗಳೂರು ಸೇರಿದ ಮೇಲೆ ಒಂಟಿಯಾಗಿ ಉಳಿದಿರುವ ಹಿರಿಯರಿಗೆಂದು ಪ್ರತಿ ಶನಿವಾರ ಮಧ್ಯಾಹ್ನ ಊಟ ಏರ್ಪಡಿಸುತ್ತಿದ್ದೇವೆ. ಮೊದಲ ವಾರ ಮೂವತ್ತು ಜನ ಬಂದಿದ್ದರು. ಈಗ ಹತ್ತು ಜನ ಬಂದರೆ ಹೆಚ್ಚು; ಅದರಲ್ಲೂ ನಿಜವಾಗಿ ಅಗತ್ಯವಿದ್ದವರೇ ಬರುವುದನ್ನು ನಿಲ್ಲಿಸಿದ್ದಾರೆ. ಅಡುಗೆ ಚೆನ್ನಾಗಿಯೇ ಇರುತ್ತದೆ. ನಾವೆಲ್ಲಿ ತಪ್ಪಿದ್ದೇವೆ? (ಕಾರವಾರ)

ಉತ್ತರ: ತಾವು ಪತ್ರದೊಂದಿಗೆ ಕಳುಹಿಸಿದ ಛಾಯಾಚಿತ್ರದಲ್ಲಿಯೇ ಉತ್ತರವಿದೆ ಎಂದು ನನಗೆ ತೋರುತ್ತದೆ. ಗೋಡೆಯ ಮೇಲೆ ‘ಬಡ ವೃದ್ಧರಿಗೆ ಉಚಿತ ಅನ್ನದಾನ’ ಎಂಬ ಬ್ಯಾನರ್, ಅದರ ಕೆಳಗೆ ಎಂಟು ದಾನಿಗಳ ಹೆಸರು, ಅದಕ್ಕೂ ಕೆಳಗೆ ತಲೆ ತಗ್ಗಿಸಿ ಉಣ್ಣುತ್ತಿರುವ ಹಿರಿಯರು. ನಲವತ್ತು ವರ್ಷ ತನ್ನ ಮನೆಗೆ ಬಂದವರಿಗೆಲ್ಲ ಎಲೆ ಹಾಕಿದ ಹೆಂಗಸು ಆ ಬ್ಯಾನರಿನ ಕೆಳಗೆ ಎರಡನೆಯ ಬಾರಿ ಕೂರಲಾರಳು. ಅವಳಿಗೆ ಹಸಿವಿಲ್ಲವೆಂದಲ್ಲ, ಹಂಗು ಬೇಡವಾಗಿದೆ.

ನಮ್ಮ ಜಿಲ್ಲೆಯಲ್ಲಿ ಸಾಲಿನಲ್ಲಿ ಕೂತು ಉಣ್ಣುವುದಕ್ಕೆ ಯಾರೂ ನಾಚಿಕೊಳ್ಳುವುದಿಲ್ಲ. ಗೋಕರ್ಣದಲ್ಲಿ, ಇಡಗುಂಜಿಯಲ್ಲಿ, ಎರಡು ವರ್ಷಕ್ಕೊಮ್ಮೆ ಬರುವ ಶಿರಸಿಯ ಮಾರಿಕಾಂಬಾ ಜಾತ್ರೆಯಲ್ಲಿ ಊಟಕ್ಕೆ ಕಾಯುವವರಲ್ಲಿ ಕಾರಿನಲ್ಲಿ ಬಂದವರೂ ಇರುತ್ತಾರೆ, ನಡೆದು ಬಂದವರೂ ಇರುತ್ತಾರೆ. ಅಲ್ಲಿ ಕೊಡುವವನು ದೇವರು, ಉಳಿದವರೆಲ್ಲ ಉಣ್ಣುವವರು. ಊರ ಉತ್ಸವಗಳಿಗೆ ಹೊರೆಕಾಣಿಕೆ ಹೋಗುವ ರೀತಿಯನ್ನೂ ನೆನಪಿಸಿಕೊಳ್ಳಿ: ಅಕ್ಕಿ ಮೂಟೆ ಕೊಟ್ಟವರೂ ಎರಡು ತೆಂಗಿನಕಾಯಿ ಕೊಟ್ಟವರೂ ತಮ್ಮದನ್ನು ಒಂದೇ ರಾಶಿಗೆ ಸೇರಿಸುತ್ತಾರೆ, ಆಮೇಲೆ ಯಾರದ್ದು ಎಷ್ಟೆಂದು ಎಲೆಯ ಮುಂದೆ ಯಾರೂ ಕೇಳುವುದಿಲ್ಲ. (ಇದೇ ಸಾಲುಗಳಲ್ಲಿ ಪಂಕ್ತಿಭೇದವೂ ಇತ್ತೆಂಬುದನ್ನು, ಅದರ ಕಹಿ ಉಂಡವರು ಇನ್ನೂ ಬದುಕಿದ್ದಾರೆಂಬುದನ್ನು ಮರೆತು ನಾನು ಇದನ್ನು ಹೊಗಳುತ್ತಿಲ್ಲ. ನಿಮ್ಮ ಸಾಲಿನಲ್ಲಿ ಯಾವ ಕೇರಿಯವರು ಇದುವರೆಗೆ ಕೂತಿಲ್ಲ ಎಂಬುದನ್ನೂ ಒಮ್ಮೆ ನೋಡಿಕೊಳ್ಳಿ.)

ನಾನು ಈ ಪಾಠ ಕಲಿತದ್ದು 2019ರ ಆಗಸ್ಟ್ ತಿಂಗಳ ನೆರೆಯಲ್ಲಿ. ಗಂಗಾವಳಿ ನದಿ ಉಕ್ಕಿ ಮನೆಗಳಿಗೆ ನುಗ್ಗಿದಾಗ ಅಂಕೋಲಾ ಕಡೆಯ ಶಾಲೆಯೊಂದರಲ್ಲಿ ತೆರೆದ ಕಾಳಜಿ ಕೇಂದ್ರಕ್ಕೆ ನಾವು ಕೆಲವು ನಿವೃತ್ತ ಶಿಕ್ಷಕಿಯರು ಹೋಗಿದ್ದೆವು. ಮೊದಲ ದಿನ ಬೆಳ್ತಿಗೆ (ಭತ್ತ ಕುದಿಸದೆ ಮಾಡಿದ ಬಿಳಿ ಅಕ್ಕಿಯ) ಅನ್ನ, ಎಲೆಕೋಸಿನ ಸಾಂಬಾರು ಮಾಡಿ, ಸೀರೆಯ ಸೆರಗು ಸಿಕ್ಕಿಸಿಕೊಂಡು ನಾವೇ ಬಡಿಸಿದೆವು. ಅರ್ಧಕ್ಕರ್ಧ ಅನ್ನ ತಟ್ಟೆಯಲ್ಲಿ ಉಳಿಯಿತು. ‘ಸಂಕಟದಲ್ಲಿಯೂ ಇವರಿಗೆ ರುಚಿಯ ಚಿಂತೆ’ ಎಂದು ನಮ್ಮಲ್ಲೊಬ್ಬರು ಗೊಣಗಿದ್ದೂ ಉಂಟು. ಮರುದಿನ ಬೆಳಿಗ್ಗೆ ಮೀನುಗಾರರ ಮನೆಯ ಹಿರಿಯ ಹೆಂಗಸೊಬ್ಬರು ಒಲೆಯ ಹತ್ತಿರ ಬಂದು, ‘ಅಕ್ಕೋರೇ, ಕುಚ್ಚಲಕ್ಕಿ ತರಿಸಿಕೊಡಿ, ಗಂಜಿ ನಾವೇ ಬೇಯಿಸುತ್ತೇವೆ’ ಎಂದರು. ಮಧ್ಯಾಹ್ನದ ಹೊತ್ತಿಗೆ ಎಂಟು ಹೆಂಗಸರು ಒಲೆಯ ಸುತ್ತ ಇದ್ದರು. ಒಬ್ಬರು ಅಟ್ಟದ ಮೇಲೆ ನೀರಿಗೆ ಸಿಗದೆ ಉಳಿದಿದ್ದ ಒಣ ಸೆಟ್ಲಿಯ (ಸಣ್ಣ ಸಿಗಡಿಯ) ಡಬ್ಬಿ ತಂದು, ಹುರಿದು, ಕಾಯಿ ಹಾಕಿ ಚಟ್ನಿ ಮಾಡಿದರು. ಆ ದಿನ ತಟ್ಟೆಗಳು ತೊಳೆದಂತೆ ಬಂದವು. ಅದಕ್ಕಿಂತಲೂ ನಾನು ಗಮನಿಸಿದ್ದೆಂದರೆ, ಹಿಂದಿನ ದಿನ ಗೋಡೆಗೆ ಒರಗಿ ಮಾತಿಲ್ಲದೆ ಕೂತಿದ್ದವರು ಅಂದು ಒಬ್ಬರನ್ನೊಬ್ಬರು ಹೆಸರು ಹಿಡಿದು ಊಟಕ್ಕೆ ಕರೆಯುತ್ತಿದ್ದರು.

ಆದ್ದರಿಂದ ಮೊದಲು ಬ್ಯಾನರನ್ನು ತೆಗೆಯಿರಿ. ಊಟದ ಹೊತ್ತಿಗಲ್ಲ, ಅದಕ್ಕೆ ಒಂದೂವರೆ ಗಂಟೆ ಮೊದಲೇ ಹಿರಿಯರನ್ನು ಕರೆಯಿರಿ, ಮತ್ತು ಕರೆಯುವಾಗ ಕೆಲಸ ಹೇಳಿ ಕರೆಯಿರಿ: ಕಾಯಿ ತುರಿಯಲು, ಬಸಳೆ ಸೋಸಲು, ಬಾಳೆಲೆ ಒರೆಸಲು. ಕೈಲಾಗದವರು ಮಸಾಲೆಯ ಹದ ಹೇಳಲಿ. ನೀವು ಎಂಟು ಮನೆಯವರು ಬಡಿಸುವವರಾಗಿಯೇ ನಿಲ್ಲದೆ, ಸರದಿಯ ಮೇಲೆ ಅವರ ಪಕ್ಕದಲ್ಲಿ ಎಲೆ ಹಾಕಿಕೊಂಡು ಕೂರಿ. ಬೇಕಿದ್ದರೆ ಬಾಗಿಲ ಬಳಿ ಒಂದು ಮುಚ್ಚಿದ ಡಬ್ಬಿ ಇಡಿ; ಹಾಕಿದವರು ಹಾಕಲಿ, ನೋಡಲು ಯಾರೂ ನಿಲ್ಲಬಾರದು. 2017ರಲ್ಲಿ ಆರಂಭವಾದ ಇಂದಿರಾ ಕ್ಯಾಂಟೀನಿನಲ್ಲಿ ತಿಂಡಿಗೆ 5 ರೂಪಾಯಿ, ಊಟಕ್ಕೆ 10 ರೂಪಾಯಿ ಎಂದು ನಿಗದಿ ಮಾಡಿದ್ದರಿಂದ ಆದ ದೊಡ್ಡ ಲಾಭ ಹಣದ್ದಲ್ಲ. ಹಮಾಲಿಯೂ ಗುಮಾಸ್ತನೂ ಅದೇ ಟೋಕನ್ ಹಿಡಿದು ಅದೇ ಸರದಿಯಲ್ಲಿ ನಿಲ್ಲುವಂತಾಯಿತು.

ಅಡುಗೆಯ ಬಗ್ಗೆಯೂ ಒಂದು ಮಾತು. ನಿಮ್ಮ ಪಟ್ಟಿಯಲ್ಲಿ ಪ್ರತಿ ವಾರ ಪಾಯಸ, ಹಪ್ಪಳ, ಪಲಾವು ಇವೆ. ಒಂಟಿ ಹಿರಿಯರ ಮನೆಯಲ್ಲಿ ಅನ್ನಕ್ಕೆ ಕೊರತೆ ಇರುವುದು ಕಡಿಮೆ. ಒಬ್ಬರಿಗಾಗಿ ಯಾರು ಮಾಡುವುದೆಂದು ಬಿಟ್ಟುಹೋಗುವುದು ಸೊಪ್ಪು, ಕಾಳು, ಮೀನು. ಹಲ್ಲಿಲ್ಲದವರಿಗೂ ಸಕ್ಕರೆ ಕಾಯಿಲೆಯವರಿಗೂ ಹೊಂದುವ ಹೆಸರುಕಾಳಿನ ಗಸಿ, ಒಂದೆಲಗದ ತಂಬುಳಿ, ಮುಳ್ಳು ತೆಗೆದ ಮೀನಿನ ತೆಳು ಸಾರು ಹಬ್ಬದೂಟಕ್ಕಿಂತ ಹೆಚ್ಚು ಉಪಕಾರ ಮಾಡುತ್ತವೆ.

ಪ್ರಶ್ನೆ: ನಮ್ಮ ಹಿತ್ತಲಿನಲ್ಲಿ ಮಳೆಗಾಲವಿಡೀ ಹರಿವೆ, ಮೊಗೆಕಾಯಿ, ಕೆಸು, ಬಾಳೆಕಾಯಿ ತಿಂದು ಮುಗಿಯುವುದಿಲ್ಲ. ಅದೇ ಹೊತ್ತಿಗೆ ನಮ್ಮೂರ ಶಾಲೆಯ ಬಿಸಿಯೂಟಕ್ಕೆ ಹುಬ್ಬಳ್ಳಿಯಿಂದ ಬಂದ, ಎರಡು ದಿನ ಬಾಡಿದ ತರಕಾರಿ ಬರುತ್ತದೆ. ಇವೆರಡನ್ನೂ ಜೋಡಿಸಲು ಸಾಧ್ಯವೇ? (ಶಿರಸಿ ತಾಲೂಕು)

ಉತ್ತರ: ಖಂಡಿತ ಸಾಧ್ಯ, ಮತ್ತು ಲೆಕ್ಕ ಹಾಕಿದರೆ ಅದು ನೀವು ಅಂದುಕೊಂಡದ್ದಕ್ಕಿಂತ ಸಣ್ಣ ಕೆಲಸ. ಬಿಸಿಯೂಟದ ನಿಯಮದಂತೆ ಒಂದರಿಂದ ಐದನೆಯ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆಕಾಳು, 50 ಗ್ರಾಂ ತರಕಾರಿ. ಆರರಿಂದ ಎಂಟನೆಯ ತರಗತಿಯವರಿಗೆ ಕ್ರಮವಾಗಿ 150, 30 ಮತ್ತು 75 ಗ್ರಾಂ. ನಲವತ್ತು ಮಕ್ಕಳ ಕಿರಿಯ ಪ್ರಾಥಮಿಕ ಶಾಲೆಗೆ ದಿನಕ್ಕೆ ಬೇಕಾದದ್ದು 2 ಕಿಲೋ ತರಕಾರಿ, ಅಂದರೆ ಒಂದು ದೊಡ್ಡ ಮೊಗೆಕಾಯಿ ಮತ್ತು ಒಂದು ಕಟ್ಟು ಹರಿವೆ. ವಾರದ ಆರು ದಿನಗಳನ್ನು ಆರು ಮನೆಗಳು ಹಂಚಿಕೊಂಡರೆ ಯಾವ ಮನೆಗೂ ಭಾರವಾಗದು.

ಕಷ್ಟವಿರುವುದು ತೂಕದಲ್ಲಲ್ಲ, ಅಡುಗೆಯವರ ಹೊತ್ತಿನಲ್ಲಿ. ನಲವತ್ತು ಮಕ್ಕಳಿಗೆ ಆಗುವಷ್ಟು ಕೆಸುವಿನ ದಂಟಿನ ನಾರು ತೆಗೆದು, ಗಂಟಲು ತುರಿಸದಂತೆ ಹುಳಿ ಹಾಕಿ ಬೇಯಿಸುವುದಕ್ಕೆ ಎಷ್ಟು ಹೊತ್ತು ಬೇಕೆಂದು ತಮಗೆ ಗೊತ್ತು. ಅಲ್ಪ ಗೌರವಧನಕ್ಕೆ ದುಡಿಯುವ ಹೆಂಗಸರ ಮುಂದೆ ಮಣ್ಣು ಮೆತ್ತಿದ ಸೊಪ್ಪಿನ ಹೊರೆ ಇಳಿಸಿ ‘ನಾವು ಕೊಟ್ಟಿದ್ದೇವೆ’ ಎಂದು ಹೊರಟುಬಿಟ್ಟರೆ, ಮೂರನೆಯ ವಾರ ಅವರೇ ಬೇಡವೆನ್ನುತ್ತಾರೆ, ಮತ್ತು ಅದರಲ್ಲಿ ಅವರದೇನೂ ತಪ್ಪಿರುವುದಿಲ್ಲ. ತರಕಾರಿ ಕೊಡುವ ದಿನ ಆ ಮನೆಯಿಂದ ಒಬ್ಬರು ಹೋಗಿ ಅರ್ಧ ಗಂಟೆ ಹೆಚ್ಚಿಕೊಟ್ಟು ಬರಬೇಕು. ಕೂಲಿಯಿಲ್ಲದೆ ಒಬ್ಬರ ಗದ್ದೆ ಕೆಲಸಕ್ಕೆ ಇನ್ನೊಬ್ಬರು ಮುಯ್ಯಾಳಾಗಿ ಹೋಗುತ್ತಿದ್ದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಮುಖ್ಯ ಶಿಕ್ಷಕರನ್ನೂ ಶಾಲಾಭಿವೃದ್ಧಿ ಸಮಿತಿಯನ್ನೂ ಮೊದಲು ಮಾತನಾಡಿಸಿ. ಸಮುದಾಯದವರು ಬಿಸಿಯೂಟಕ್ಕೆ ಕೈಜೋಡಿಸಲು ಯೋಜನೆಯಲ್ಲಿಯೇ ಅವಕಾಶವಿದೆ. ಬೇರೆ ಕಡೆ ‘ತಿಥಿ ಭೋಜನ’ ಎನ್ನುವುದನ್ನು ನಮ್ಮ ರಾಜ್ಯದಲ್ಲಿ ‘ಶಾಲೆಗಾಗಿ ನಾವು ನೀವು’ ಎಂಬ ಹೆಸರಿನಿಂದ ಕರೆಯುತ್ತಾರೆ. ಹುಟ್ಟುಹಬ್ಬಕ್ಕೆ ಚಾಕೊಲೇಟ್ ಹಂಚುವ ಪಾಲಕರನ್ನು ಅಂದಿನ ಪಲ್ಯದ ಅಲಸಂದೆಗೆ ಕೇಳಬಹುದು.

ಬೀಜವನ್ನೂ ಕೊಡಿ. ಶಿರಸಿಯ ವನಸ್ತ್ರೀ ಸಂಸ್ಥೆಯ ಹೆಂಗಸರು 2001ರಿಂದ ಹಿತ್ತಲ ತರಕಾರಿಯ ಬೀಜಗಳನ್ನು ಉಳಿಸಿ, ಪರಸ್ಪರ ಹಂಚಿಕೊಂಡು ಬಂದಿದ್ದಾರೆ. ಬೀಜ ಕೊಟ್ಟವರು ಅದು ಹುಟ್ಟಿತೇ, ಕಾಯಿ ಬಿಟ್ಟಿತೇ ಎಂದು ಕೇಳಿಯೇ ಕೇಳುತ್ತಾರೆ; ಆ ನೆಪದಲ್ಲಿ ಮಾತು ನಿಲ್ಲುವುದಿಲ್ಲ. ಜೋಯಿಡಾದ ಗಡ್ಡೆ ಗೆಣಸು ಮೇಳಕ್ಕೆ ಹೋಗಿ ನೋಡಿದವರಿಗೂ ಇದು ಗೊತ್ತಿರುತ್ತದೆ: ಗಡ್ಡೆ ಮಾರುವ ಕುಣಬಿ ಸಮುದಾಯದ ಹೆಂಗಸಿನ ಮುಂದೆ ನಿಂತು ಗಡ್ಡೆ ಕೊಂಡವರು ಅದನ್ನು ಬೇಯಿಸುವ ಬಗೆಯನ್ನೂ ಕೇಳಿಕೊಂಡೇ ಹೋಗುತ್ತಾರೆ.

ಪ್ರಶ್ನೆ: ಹೀಗೆ ಎಲ್ಲ ಕಡೆ ಊಟ ಹಾಕುತ್ತ ಹೋದರೆ ಜನ ಸೋಮಾರಿಗಳಾಗುವುದಿಲ್ಲವೇ? (ಅಂಕೋಲಾ)

ಉತ್ತರ: ಮದುವೆಯ ಊಟ ಉಂಡು ಬಂದ ಮರುದಿನ ತಾವು ಕೆಲಸಕ್ಕೆ ಹೋಗುವುದನ್ನು ಬಿಟ್ಟಿದ್ದೀರಾ? ಹಸಿದ ಮೈಯಿಂದ ಯಾರೂ ಹೆಚ್ಚು ದುಡಿದದ್ದನ್ನು ನಾನಂತೂ ಕಂಡಿಲ್ಲ.

ಪ್ರಶ್ನೆ: ಮೀನುಗಾರಿಕೆ ನಿಷೇಧದ ಎರಡು ತಿಂಗಳು ನಮ್ಮ ಕೇರಿಯಲ್ಲಿ ದುಡಿಮೆಯೂ ಇಲ್ಲ, ಮೀನೂ ಇಲ್ಲ. ಮಕ್ಕಳು ಗಂಜಿ, ಉಪ್ಪಿನಕಾಯಿಯಲ್ಲಿ ದಿನ ಕಳೆಯುತ್ತಾರೆ. ಸ್ವಸಹಾಯ ಸಂಘದಿಂದ ನಾವೇನು ಮಾಡಬಹುದು? (ಹೊನ್ನಾವರ)

ಉತ್ತರ: ಯಾಂತ್ರೀಕೃತ ದೋಣಿಗಳು ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಕಡಲಿಗೆ ಇಳಿಯುವಂತಿಲ್ಲ. ತಾರೀಕು ಮೊದಲೇ ಗೊತ್ತಿರುವ ಕೊರತೆಯಿದು. ಆದ್ದರಿಂದ ಸಿದ್ಧತೆ ಏಪ್ರಿಲ್‌ನಲ್ಲಿಯೇ ಆಗಬೇಕು. ತಾರ್ಲೆ (ಭೂತಾಯಿ), ಬಂಗಡೆ ಮೀನು ಅಗ್ಗವಾಗಿ ಸಿಗುವ ದಿನಗಳಲ್ಲಿ ಸಂಘದ ಹಣದಿಂದ ಒಟ್ಟಾಗಿ ಕೊಂಡು ಒಣಗಿಸಿ, ಜುಲೈನಲ್ಲಿ ಸದಸ್ಯರ ಮನೆಗಳಿಗೆ ಕೊಂಡ ಬೆಲೆಗೇ ಕೊಡಿ. ಮರಳಿನ ಮೇಲೆ ಹರಡುವ ಬದಲು ಕಂಬ ನೆಟ್ಟು ಬಲೆ ಕಟ್ಟಿದ ಅಟ್ಟಣೆಯ ಮೇಲೆ ಒಣಗಿಸಿದರೆ ಮೀನಿಗೆ ಮರಳು ಹತ್ತದು, ನಾಯಿಯೂ ಬಾಯಿ ಹಾಕದು. ಇದರ ಜೊತೆಗೆ ಹುರುಳಿಯನ್ನೂ ಮೂಟೆಯಲ್ಲಿ ಕೊಂಡಿಡಿ. ಅದರ ತೂಕದ ಐದನೆಯ ಒಂದು ಪಾಲಿಗಿಂತ ಹೆಚ್ಚು ಪ್ರೋಟೀನ್, ಬೇಯಿಸಿದ ಕಟ್ಟಿನಲ್ಲಿ ಸಾರು, ಕಾಳಿನಲ್ಲಿ ಪಲ್ಯ. ರಕ್ತದೊತ್ತಡವಿರುವ ಹಿರಿಯರಿಗೆ ಒಣಮೀನಿನ ಉಪ್ಪು ಒಳ್ಳೆಯದಲ್ಲವಾದ್ದರಿಂದ ಅವರಿಗೆ ಹುರುಳಿಯೇ ಸರಿ.

ಆ ಎರಡು ತಿಂಗಳು ಶಾಲೆಗಳು ನಡೆಯುತ್ತಿರುತ್ತವೆ ಎಂಬುದು ಒಂದು ಅನುಕೂಲ. ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವು ಸೇರಿ 2024ರಿಂದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳಿಗೆ ವಾರದ ಆರು ದಿನವೂ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು ಕೊಡಲು ವ್ಯವಸ್ಥೆಯಾಗಿದೆ. ಜೋರು ಮಳೆಯ ದಿನ ಮಗುವನ್ನು ಮನೆಯಲ್ಲಿ ಉಳಿಸಿಕೊಂಡರೆ ಆ ಮೊಟ್ಟೆಯೂ ತಪ್ಪುತ್ತದೆ. ಕೇರಿಯ ಮಕ್ಕಳನ್ನು ಗುಂಪಾಗಿ ಕರೆದೊಯ್ಯುವ ಸರದಿಯನ್ನು ಸಂಘವೇ ವಹಿಸಿಕೊಳ್ಳಬಹುದು. ಗರ್ಭಿಣಿಯರಿಗೂ ಬಾಣಂತಿಯರಿಗೂ ಅಂಗನವಾಡಿಯಲ್ಲಿ ಬಿಸಿಯೂಟ ನೀಡುವ ಮಾತೃಪೂರ್ಣ ಯೋಜನೆ 2017ರಿಂದ ರಾಜ್ಯದಾದ್ಯಂತ ಇದೆ. ಕೆಸರಿನ ದಾರಿಯಲ್ಲಿ ಒಬ್ಬಳೇ ಹೋಗಲು ಹಿಂಜರಿಯುವವಳು ಜೊತೆಗೊಬ್ಬರಿದ್ದರೆ ಹೋಗುತ್ತಾಳೆ.

ಪ್ರಶ್ನೆ: ಮದುವೆ ಮಂಟಪಗಳಲ್ಲಿ ಉಳಿದ ಅಡುಗೆಯನ್ನು ಕೂಲಿಕಾರರ ಬಿಡಾರಗಳಿಗೆ ತಲುಪಿಸಲು ನಮ್ಮ ಯುವಕ ಸಂಘ ಬಯಸಿದೆ. ಎಚ್ಚರಿಕೆಗಳೇನು? (ಭಟ್ಕಳ)

ಉತ್ತರ: ಉದ್ದೇಶ ಒಳ್ಳೆಯದು, ಆದರೆ ನಾನು ಈ ಐದರಲ್ಲಿ ಹೆಚ್ಚು ಅಂಜುವುದು ಇದಕ್ಕೇ. ಬೇಯಿಸಿದ ಆಹಾರ 60 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾಗಿರಬೇಕು, ಇಲ್ಲವೇ 5 ಡಿಗ್ರಿಗಿಂತ ತಣ್ಣಗಿರಬೇಕು. ನಡುವಿನ ಶಾಖದಲ್ಲಿ ಎರಡು ಗಂಟೆಗಿಂತ ಹೆಚ್ಚು ಇಟ್ಟದ್ದನ್ನು ಕೊಡಬಾರದು. ಅಕ್ಕಿಯಲ್ಲಿರುವ ಕೆಲವು ಬ್ಯಾಕ್ಟೀರಿಯಾಗಳ ಬೀಜಾಣುಗಳು ಕುದಿತಕ್ಕೂ ಸಾಯುವುದಿಲ್ಲ, ಅನ್ನ ಆರುತ್ತ ಕುಳಿತಂತೆ ಅವು ಬೆಳೆದು ಉಂಟುಮಾಡುವ ವಿಷ ಮತ್ತೆ ಕಾಯಿಸಿದರೂ ಹೋಗುವುದಿಲ್ಲ. ಕಾಯಿ ಅರೆದು ಹಾಕಿದ ಗಸಿ ನಮ್ಮ ಕರಾವಳಿಯ ಸೆಕೆಯಲ್ಲಿ ಎಷ್ಟು ಬೇಗ ಹಳಸುತ್ತದೆಂದು ಎಲ್ಲರಿಗೂ ಗೊತ್ತು. ಹಳಸಿದರೆ ವಾಸನೆಯಾದರೂ ಹೇಳುತ್ತದೆ, ಅನ್ನದ ವಿಷ ಹಾಗೆ ಹೇಳುವುದೂ ಇಲ್ಲ.

ಹೆಚ್ಚುವರಿ ಆಹಾರ ಹಂಚುವ ಸಂಘಟನೆಗಳಿಗೆ ಆಹಾರ ಸುರಕ್ಷತಾ ಪ್ರಾಧಿಕಾರದ 2019ರ ನಿಯಮಾವಳಿ ಅನ್ವಯಿಸುತ್ತದೆ. ತಾಲೂಕಿನ ಆಹಾರ ಸುರಕ್ಷತಾ ಅಧಿಕಾರಿಯನ್ನು ಕಂಡು ನೋಂದಣಿ ಮಾಡಿಸಿಕೊಳ್ಳಿ. ಬಿಸಿಯೂಟವನ್ನು ಮಕ್ಕಳಿಗೆ ಬಡಿಸುವ ಮೊದಲು ಶಿಕ್ಷಕರು ಸೇರಿ ದೊಡ್ಡವರು ಉಂಡು ನೋಡಬೇಕೆಂಬ ನಿಯಮವಿದೆ. ನಿಮ್ಮ ಸಂಘದವರೂ ಕೊಡುವ ಅಡುಗೆಯನ್ನು ಮೊದಲು ತಾವೇ ಉಣ್ಣಲಿ. ಎಲೆಯಲ್ಲಿ ಉಳಿದದ್ದನ್ನೂ ಬಡಿಸುವ ಪಾತ್ರೆಯಲ್ಲಿ ಉಳಿದದ್ದನ್ನೂ ಮುಟ್ಟಬೇಡಿ. ಮದುವೆ ಮನೆಯವರೊಡನೆ ಹಿಂದಿನ ದಿನವೇ ಮಾತಾಡಿಕೊಂಡು, ಅಡುಗೆ ಭಟ್ಟರು ದೊಡ್ಡ ಪಾತ್ರೆಯಿಂದ ಬೇರೆಯಾಗಿ ತೆಗೆದಿಟ್ಟದ್ದನ್ನು ಕೊನೆಯ ಪಂಕ್ತಿ ಕೂರುವ ಹೊತ್ತಿಗೇ ಎತ್ತಿಕೊಂಡು ಹೊರಡಿ. ಬೇಯಿಸದೆ ಉಳಿದ ಅಕ್ಕಿ, ಬೇಳೆ, ತರಕಾರಿಯನ್ನೂ ಕೇಳಲು ಮರೆಯಬೇಡಿ. ಬಿಡಾರದವರು ಅದನ್ನು ತಮ್ಮ ಹದಕ್ಕೆ ತಾವೇ ಬೇಯಿಸಿಕೊಳ್ಳುತ್ತಾರೆ. ಮಧ್ಯಾಹ್ನದ ಅನ್ನವನ್ನು ರಾತ್ರಿ ಎಂಟಕ್ಕೆ ಒಯ್ಯಲು ಯಾರಾದರೂ ಫೋನ್ ಮಾಡಿದರೆ, ಅದು ಎಷ್ಟೇ ದೊಡ್ಡ ಹಂಡೆಯಾಗಿರಲಿ, ಗೊಬ್ಬರದ ಗುಂಡಿಗೆ ಹಾಕಿಸಿ ಎಂದು ಹೇಳಿ.